ಕೊನೆಯ ಹೊಲದ ನೀರಿಗೆ ಮೂರು ಲೆಕ್ಕ

ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಗೇಟು ಎತ್ತಿದ ಕೂಡಲೇ ರಾಯಚೂರು ಜಿಲ್ಲೆಯ ಕೊನೆಯ ಹೊಲಕ್ಕೆ ನೀರು ಬಂದುಬಿಡುವುದಿಲ್ಲ. ಕಾಲುವೆಯ ಉದ್ದ 227 ಕಿಲೋಮೀಟರ್. ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಎಲ್ಲಿಯೂ ನಿಲ್ಲದೆ ಹರಿದರೂ ಅಷ್ಟು ದೂರ ಕ್ರಮಿಸಲು ಎರಡೂವರೆ ದಿನಕ್ಕಿಂತ ಹೆಚ್ಚು ಬೇಕು. ದಾರಿಯುದ್ದಕ್ಕೂ ವಿತರಣಾ ಕಾಲುವೆಗಳಿವೆ, ತೂಬುಗಳಿವೆ, ರಾತ್ರಿ ಹೊತ್ತು ಓಡುವ ಪಂಪ್‌ಸೆಟ್‌ಗಳೂ ಇವೆ. ಇವೆಲ್ಲ ದಾಟಿ ಬಂದ ನೀರು ಎಷ್ಟು ಎಂಬುದನ್ನು ಗೇಜ್ ಎಂಬ ಅಳತೆಪಟ್ಟಿ ಹೇಳುತ್ತದೆ. 69ನೇ ಮೈಲಿನಲ್ಲಿ ಗೇಜ್ ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಎಂಬುದು ಈ ಭಾಗದಲ್ಲಿ ಇಂಜಿನಿಯರುಗಳು ಮಾತ್ರವಲ್ಲ, ರೈತರೂ ಬಾಯಿಪಾಠ ಮಾಡಿಕೊಂಡಿರುವ ಅಂಕಿ. ಗೇಜ್ ಇಳಿದರೆ ರಸ್ತೆ ತಡೆ, ಧರಣಿ. ಕೆಲವೊಮ್ಮೆ ಕಾಲುವೆಯ ಇಕ್ಕೆಲಗಳಲ್ಲಿ ನಿಷೇಧಾಜ್ಞೆ.

ಗೇಜ್ ಇಳಿಯದಂತೆ, ಏರದಂತೆ ಒಂದೇ ಮಟ್ಟದಲ್ಲಿ ಹಿಡಿದಿಡುವುದು ಹೇಗೆ? ಕೇಳಲು ಸುಲಭವಾದ ಈ ಪ್ರಶ್ನೆ ವಾಸ್ತವವಾಗಿ ಕೈಗಾರಿಕಾ ಜಗತ್ತಿನ ಬಹುದೊಡ್ಡ ಪ್ರಶ್ನೆ. ಬಾಯ್ಲರಿನ ನೀರು, ಕುಲುಮೆಯ ಶಾಖ, ಟರ್ಬೈನಿನ ವೇಗ, ಹಡಗಿನ ದಿಕ್ಕು ಎಲ್ಲದಕ್ಕೂ ಇದೇ ಪ್ರಶ್ನೆ. ಇದಕ್ಕೆ ಸಿಕ್ಕ ಉತ್ತರಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು 'ಪಿ.ಐ.ಡಿ.' ಎಂಬ ಮೂರಕ್ಷರದ ಲೆಕ್ಕ. ಪ್ರಪೋರ್ಷನಲ್, ಇಂಟೆಗ್ರಲ್, ಡೆರಿವೇಟಿವ್ ಎಂಬ ಮೂರು ಪದಗಳ ಸಂಕ್ಷಿಪ್ತ ರೂಪ ಅದು. ಹೆಸರು ಕೇಳಿದರೆ ಕಾಲೇಜಿನ ಗಣಿತ ನೆನಪಾಗುತ್ತದೆ. ಆದರೆ ಅದರ ತಿರುಳು ಅನುಭವಸ್ಥ ನೀರುಗಂಟಿಯ ತಲೆಯಲ್ಲಿ ಇರುವಂಥದ್ದೇ.

ಹಳೆಯ ಅಣೆಕಟ್ಟೆಗಳ ಜಾಣತನ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ದೊಡ್ಡ ಹೊಳೆಗಳ ನಡುವೆ ಇದ್ದರೂ ಬಹುಪಾಲು ನೆಲ ಮಳೆಯನ್ನೇ ನಂಬಿದ ಎರೆ ಹೊಲ. ಸಂತೆಕಲ್ಲೂರಿನ ಘನಮಠದ ಶಿವಯೋಗಿಗಳು ಹತ್ತೊಂಬತ್ತನೇ ಶತಮಾನದಲ್ಲಿ 'ಕೃಷಿ ಜ್ಞಾನ ಪ್ರದೀಪಿಕೆ' ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದರು. ಬೇಸಾಯವನ್ನೇ ವಿಷಯವಾಗಿಟ್ಟುಕೊಂಡು, ಬಾಯಿಂದ ಬಾಯಿಗೆ ಬರುತ್ತಿದ್ದ ಒಕ್ಕಲುತನದ ಅನುಭವವನ್ನು ಪುಸ್ತಕದ ಶಿಸ್ತಿಗೆ ತಂದ ಪ್ರಯತ್ನ ಅದು. ಕೈ ಬಲ್ಲದ್ದನ್ನು ಅಕ್ಷರಕ್ಕೆ ಇಳಿಸುವ ಇಂಥ ಕೆಲಸ ತಂತ್ರಜ್ಞಾನದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಪಿ.ಐ.ಡಿ. ಹುಟ್ಟಿದ್ದೂ ಹಾಗೆಯೇ.

ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಗಳನ್ನು ನೋಡಿದರೆ ನಿಯಂತ್ರಣದ ಮೊದಲ ಪಾಠ ಸಿಗುತ್ತದೆ. ಹಂಪಿಯ ತುರ್ತಾ ಕಾಲುವೆ, ಆನೆಗೊಂದಿ ಕಡೆಯ ನಾಲೆಗಳು, ರಾಯಚೂರು ತಾಲ್ಲೂಕಿನ ಬಿಚ್ಚಾಲಿ ನಾಲೆ ಇವೆಲ್ಲ ಇಂಥ ಅಣೆಕಟ್ಟೆಗಳಿಂದ ನೀರು ಪಡೆದವು. ಅಣೆಯಲ್ಲಿ ಚಲಿಸುವ ಭಾಗ ಒಂದೂ ಇಲ್ಲ. ಹೊಳೆಯ ನೀರು ಕಟ್ಟೆಯ ನೆತ್ತಿಯವರೆಗೆ ಏರಿದರೆ ಕಾಲುವೆಗೆ ಸಾಕಷ್ಟು ನೀರು ಸಿಗುತ್ತದೆ. ಅದಕ್ಕಿಂತ ಹೆಚ್ಚಾದದ್ದು ಕಟ್ಟೆಯ ಮೇಲೆ ಉಕ್ಕಿ ಹೊಳೆಗೇ ಹೋಗುತ್ತದೆ. ಮಟ್ಟ ಮಿತಿಮೀರಿದಾಗ ಅದೇ ಮಟ್ಟ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ. ಆದರೆ ಹೊಳೆಯ ನೀರು ನೆತ್ತಿಗಿಂತ ಕೆಳಗೆ ಇಳಿದರೆ ಕಲ್ಲಿನ ಕಟ್ಟೆ ಏನನ್ನೂ ಮಾಡಲಾರದು. ಹೆಚ್ಚನ್ನು ಅದು ಬಲ್ಲದು, ಕೊರತೆಯನ್ನು ಅರಿಯದು.

ಇದಕ್ಕೆ ವ್ಯತಿರಿಕ್ತವಾದದ್ದು ಗಳಿಗೆ ಬಟ್ಟಲಿನ ಪದ್ಧತಿ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ಮುಳುಗುವಷ್ಟು ಹೊತ್ತನ್ನು ಒಂದು ಗಳಿಗೆ ಎಂದು ಎಣಿಸುವುದು. ಇಷ್ಟು ಗಳಿಗೆ ಒಬ್ಬನಿಗೆ ನೀರು, ಇಷ್ಟು ಗಳಿಗೆ ಇನ್ನೊಬ್ಬನಿಗೆ ಎಂದು ಹಂಚಿದರೆ ಅದು ಸಮಯದ ಹಂಚಿಕೆ. ಹೊಲಕ್ಕೆ ನಿಜವಾಗಿ ಎಷ್ಟು ನೀರು ಬಂತು ಎಂದು ಅದು ಕೇಳುವುದಿಲ್ಲ. ಇಂದು ತುಂಗಭದ್ರಾ ಕಾಲುವೆಯಲ್ಲಿ ನೀರು ಕಡಿಮೆಯಾದ ವರ್ಷ ನೀರಾವರಿ ಸಲಹಾ ಸಮಿತಿ ತೀರ್ಮಾನಿಸುವ 'ಆನ್ ಅಂಡ್ ಆಫ್' ಪದ್ಧತಿಯೂ ಇದೇ ಜಾತಿಯದು. ಇಷ್ಟು ದಿನ ನೀರು, ಇಷ್ಟು ದಿನ ಬಂದ್.

ಫಲಿತಾಂಶವನ್ನು ಅಳೆದು, ಆ ಅಳತೆಯ ಆಧಾರದ ಮೇಲೆ ಮುಂದಿನ ಕ್ರಮ ಕೈಗೊಳ್ಳುವುದಕ್ಕೆ ಇಂಜಿನಿಯರುಗಳು 'ಫೀಡ್‌ಬ್ಯಾಕ್' ಎನ್ನುತ್ತಾರೆ. ಗಳಿಗೆ ಬಟ್ಟಲಿಗೆ ಅದಿಲ್ಲ, ಅಣೆಕಟ್ಟೆಗೆ ಅರ್ಧ ಇದೆ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ತನ್ನ ನೀರಿನ ಗಡಿಯಾರದಲ್ಲಿ ತೇಲುವ ಬೆಂಡನ್ನು ಬಳಸಿ ನೀರಿನ ಮಟ್ಟ ಸ್ಥಿರವಾಗಿರುವಂತೆ ಮಾಡಿದ. ಮಟ್ಟ ಏರಿದರೆ ಬೆಂಡು ಮೇಲೆದ್ದು ಒಳಬರುವ ನೀರನ್ನು ತಡೆಯುತ್ತಿತ್ತು. ಇಂದು ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿರುವ ಬಾಲ್ ವಾಲ್ವ್ ಅದರ ಮರಿಮಗ ಎನ್ನಬಹುದು.

ತಾನಾಗಿ ತೆರೆಯುವ ಬಾಗಿಲು

ಕನ್ನಡಿಗರ ಮಟ್ಟಿಗೆ ಸ್ವಯಂಚಾಲಿತ ನಿಯಂತ್ರಣದ ಚರಿತ್ರೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಂದ ಆರಂಭವಾಗುತ್ತದೆ. ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ಅವರು ಪುಣೆಗೆ ನೀರೊದಗಿಸುವ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಗೇಟುಗಳನ್ನು ರೂಪಿಸಿ ಪೇಟೆಂಟ್ ಪಡೆದರು. 1903ರಲ್ಲಿ ಅವು ಅಲ್ಲಿ ಸ್ಥಾಪನೆಯಾದವು. ಕೋಡಿಯ ಮೇಲೆ ಸುಮ್ಮನೆ ಹರಿದುಹೋಗುತ್ತಿದ್ದ ನೀರನ್ನು ಈ ಗೇಟುಗಳು ತಡೆದು, ಅಣೆಕಟ್ಟನ್ನು ಎತ್ತರಿಸದೆಯೇ ಸಂಗ್ರಹ ಮಟ್ಟವನ್ನು ಸುಮಾರು 8 ಅಡಿ ಹೆಚ್ಚಿಸಿದವು. ಪ್ರವಾಹದ ನೀರು ನಿಗದಿತ ಮಟ್ಟ ಮುಟ್ಟಿದಾಗ ಪ್ರತಿಭಾರದ ಸಮತೋಲ ತಪ್ಪಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ನೀರು ಇಳಿದಾಗ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಡುರಾತ್ರಿ ಮಳೆ ಬಂದರೂ ಯಾರೂ ಎದ್ದು ಓಡಬೇಕಾಗಿರಲಿಲ್ಲ. ಮುಂದೆ ಗ್ವಾಲಿಯರಿನ ಟಿಗ್ರಾ ಅಣೆಕಟ್ಟು ಮತ್ತು ಮೈಸೂರಿನ ಕೃಷ್ಣರಾಜಸಾಗರದಲ್ಲಿಯೂ ಸ್ವಯಂಚಾಲಿತ ಗೇಟುಗಳು ಬಂದವು.

ಇದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು, 1788ರಲ್ಲಿ, ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರಕ್ಕೆ ಎರಡು ತಿರುಗುವ ಗುಂಡುಗಳ 'ಗವರ್ನರ್' ಅಳವಡಿಸಿದ್ದ. ಯಂತ್ರದ ವೇಗ ಹೆಚ್ಚಿದಂತೆ ಗುಂಡುಗಳು ಹೊರಕ್ಕೆ ಚಿಮ್ಮಿ ಉಗಿಯ ವಾಲ್ವನ್ನು ಮುಚ್ಚುತ್ತಿದ್ದವು. ವೇಗ ತಗ್ಗಿದರೆ ಕೆಳಗಿಳಿದು ತೆರೆಯುತ್ತಿದ್ದವು. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಇಂಥ ಸಾವಿರಾರು ಗವರ್ನರುಗಳು ಕೆಲಸ ಮಾಡಿದವು. ಆದರೆ ಒಂದು ವಿಚಿತ್ರ ತೊಂದರೆಯೂ ಕಾಣಿಸಿಕೊಂಡಿತು. ಕೆಲವು ಯಂತ್ರಗಳ ವೇಗ ನಿಲ್ಲುವುದರ ಬದಲು ಜೋಕಾಲಿಯಂತೆ ಏರುತ್ತ ಇಳಿಯುತ್ತ ಇರುತ್ತಿತ್ತು. ಗವರ್ನರನ್ನು ಹೆಚ್ಚು ಸೂಕ್ಷ್ಮಗೊಳಿಸಿದಷ್ಟೂ ತೂಗಾಟ ಹೆಚ್ಚಾಗುತ್ತಿತ್ತು. 1868ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗವರ್ನರುಗಳ ಕುರಿತು ಬರೆದ ಪ್ರಬಂಧದಲ್ಲಿ ಈ ತೂಗಾಟಕ್ಕೆ ಗಣಿತದ ಕಾರಣ ಹುಡುಕಿದ. ತಪ್ಪನ್ನು ತಿದ್ದುವ ಆತುರವೇ ಹೊಸ ತಪ್ಪಿಗೆ ಕಾರಣವಾಗಬಹುದು ಎಂಬುದು ಅದರಿಂದ ಹೊರಟ ಪಾಠ.

ಚುಕ್ಕಾಣಿ ಹಿಡಿದವರಿಂದ ಕಲಿತದ್ದು

ಪಿ.ಐ.ಡಿ. ಲೆಕ್ಕ ಪೂರ್ಣ ರೂಪದಲ್ಲಿ ಬಂದದ್ದು ಕಾರ್ಖಾನೆಯಿಂದಲ್ಲ, ಕಡಲಿನಿಂದ. ರಷ್ಯಾದಲ್ಲಿ 1885ರಲ್ಲಿ ಹುಟ್ಟಿದ ನಿಕೊಲಾಸ್ ಮಿನೋರ್ಸ್ಕಿ ಅಲ್ಲಿಯ ನೌಕಾಪಡೆಯಲ್ಲಿದ್ದವನು. ಕ್ರಾಂತಿಯ ಅನಂತರ 1918ರಲ್ಲಿ ಅಮೆರಿಕೆಗೆ ಹೋದ. ದೊಡ್ಡ ಯುದ್ಧನೌಕೆ ತಾನಾಗಿ ನೇರ ದಿಕ್ಕಿನಲ್ಲಿ ಸಾಗುವಂತೆ ಮಾಡುವುದು ಅವನ ಮುಂದಿದ್ದ ಪ್ರಶ್ನೆ. ಅವನು ಮೊದಲು ಗಮನಿಸಿದ್ದು ನುರಿತ ಚುಕ್ಕಾಣಿಗಾರರ ಕೈಗಳನ್ನು.

ಹೊಸಬನಾದವನು ಹಡಗು ಎಷ್ಟು ಡಿಗ್ರಿ ವಾಲಿದೆಯೋ ಅಷ್ಟು ಚುಕ್ಕಾಣಿ ತಿರುಗಿಸುತ್ತಾನೆ. ನುರಿತವನು ಹಾಗೆ ಮಾಡುವುದಿಲ್ಲ. ಹಡಗು ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನೂ ನೋಡುತ್ತಾನೆ. ಸರಿಯಾದ ದಿಕ್ಕಿಗೆ ಬರುವ ಮೊದಲೇ ಚುಕ್ಕಾಣಿಯನ್ನು ವಾಪಸು ತಿರುಗಿಸಿ ವೇಗ ತಗ್ಗಿಸುತ್ತಾನೆ. ಒಂದೇ ಕಡೆಯಿಂದ ಗಾಳಿ ಬೀಸುತ್ತ ಹಡಗು ಸದಾ ಸ್ವಲ್ಪ ಜರುಗುತ್ತಿದ್ದರೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಚುಕ್ಕಾಣಿಯನ್ನು ಸ್ವಲ್ಪ ಒಂದು ಕಡೆಗೇ ಹಿಡಿದಿರುತ್ತಾನೆ. ಅಂದರೆ ಅವನು ಈಗಿನ ತಪ್ಪನ್ನು, ಹಿಂದಿನಿಂದ ಬಂದ ತಪ್ಪನ್ನು ಮತ್ತು ಮುಂದೆ ಆಗಲಿರುವ ತಪ್ಪನ್ನು ಒಟ್ಟಿಗೆ ಎಣಿಸುತ್ತಾನೆ. 1922ರಲ್ಲಿ ಮಿನೋರ್ಸ್ಕಿ ಈ ಮೂರನ್ನೂ ಒಂದೇ ಸಮೀಕರಣದಲ್ಲಿ ಸೇರಿಸಿ ಪ್ರಕಟಿಸಿದ. 'ನ್ಯೂ ಮೆಕ್ಸಿಕೊ' ಎಂಬ ಯುದ್ಧನೌಕೆಯಲ್ಲಿ ನಡೆದ ಪರೀಕ್ಷೆಯಲ್ಲಿ ದಿಕ್ಕಿನ ತಪ್ಪು ಒಂದು ಡಿಗ್ರಿಯ ಆರನೆಯ ಒಂದು ಭಾಗಕ್ಕೆ ಇಳಿಯಿತು. ಆದರೂ ನೌಕಾಪಡೆ ಅದನ್ನು ಆಗ ಅಳವಡಿಸಿಕೊಳ್ಳಲಿಲ್ಲ. ಯಂತ್ರದ ಕೈಗೆ ಚುಕ್ಕಾಣಿ ಕೊಡಲು ಹಡಗಿನ ಸಿಬ್ಬಂದಿಗೆ ಮನಸ್ಸಿರಲಿಲ್ಲ.

ಮೂರು ಲೆಕ್ಕ ಯಾವುವು?

ಈಗ ಇದನ್ನು ಕಾಲುವೆಗೆ ತರೋಣ. ಒಂದು ಕಾಲುವೆಯಲ್ಲಿ ಗೇಟು ಇದೆ, ಅದರ ಕೆಳಗಡೆ ಗೇಜ್ ಇದೆ ಎಂದಿಟ್ಟುಕೊಳ್ಳಿ. ಗೇಜ್ 6 ಅಡಿ ಇರಬೇಕು. ಸಾಮಾನ್ಯವಾಗಿ ಗೇಟು 20 ಅಂಗುಲ ತೆರೆದರೆ 6 ಅಡಿ ನಿಲ್ಲುತ್ತದೆ. ಒಂದು ದಿನ ಗೇಜಿನ ಬಳಿ ಯಾರೋ ಪಂಪು ಹಚ್ಚುತ್ತಾರೆ. ಮಟ್ಟ 8 ಅಂಗುಲ ಇಳಿಯುತ್ತದೆ.

ಮೊದಲನೆಯ ಲೆಕ್ಕ, ಅಂದರೆ ಪ್ರಪೋರ್ಷನಲ್ ಅಥವಾ ಅನುಪಾತದ ಲೆಕ್ಕ: ಕೊರತೆ ಎಷ್ಟೋ ಅದಕ್ಕೆ ತಕ್ಕಷ್ಟು ಗೇಟು ಎತ್ತು. ಒಂದು ಅಂಗುಲ ಕೊರತೆಗೆ ಅರ್ಧ ಅಂಗುಲ ಎಂಬುದು ನಿಯಮವಾದರೆ, 8 ಅಂಗುಲಕ್ಕೆ 4 ಅಂಗುಲ ಎತ್ತಬೇಕು. ನೀರು ಏರತೊಡಗುತ್ತದೆ. ಕೊರತೆ ಕಡಿಮೆಯಾದಂತೆ ಗೇಟು ಇಳಿಯುತ್ತ ಬರುತ್ತದೆ. ಇಲ್ಲಿಯೇ ಒಂದು ತೊಡಕು. ಪಂಪಿಗೆ ಹೋಗುವ ನೀರನ್ನು ತುಂಬಿಕೊಡಲು ಗೇಟು ಸದಾ 3 ಅಂಗುಲ ಹೆಚ್ಚು ತೆರೆದಿರಬೇಕು ಎನ್ನಿ. ಆದರೆ 3 ಅಂಗುಲ ಹೆಚ್ಚು ತೆರೆದಿರಬೇಕಾದರೆ, ನಿಯಮದ ಪ್ರಕಾರ, 6 ಅಂಗುಲ ಕೊರತೆ ಇರಲೇಬೇಕು. ಕೊರತೆ ಪೂರ್ತಿ ಹೋದರೆ ಗೇಟು ಹಳೆಯ 20 ಅಂಗುಲಕ್ಕೆ ಮರಳುತ್ತದೆ, ಕೊರತೆಯೂ ಮರಳುತ್ತದೆ. ಹೀಗಾಗಿ ಮಟ್ಟ ಐದೂವರೆ ಅಡಿಯಲ್ಲಿ ನಿಂತುಬಿಡುತ್ತದೆ. ಯಂತ್ರ ತನ್ನ ಕೆಲಸವನ್ನು ನಿಯಮದಂತೆ ಮಾಡುತ್ತಲೇ ಇರುತ್ತದೆ. ಕೊನೆಯ ರೈತನಿಗೆ ಮಾತ್ರ ಅರ್ಧ ಅಡಿ ಖೋತಾ.

ಎರಡನೆಯದು ಇಂಟೆಗ್ರಲ್, ಕನ್ನಡದ ಪಠ್ಯಪುಸ್ತಕಗಳು ಅನುಕಲನ ಎನ್ನುವುದು. ಇದು ಬಾಕಿ ಬರೆದಿಡುವ ಲೆಕ್ಕ. ಈ ಗಂಟೆ 6 ಅಂಗುಲ ಕೊರತೆ, ಮುಂದಿನ ಗಂಟೆ 5, ಅದರ ಮುಂದೆ 4 ಎಂದು ಅಂಗಡಿಯ ಖಾತೆ ಪುಸ್ತಕದಂತೆ ಕೂಡುತ್ತ ಹೋಗುವುದು. ಬಾಕಿ ಬೆಳೆದಂತೆ ಗೇಟು ಇನ್ನಷ್ಟು ಏರುತ್ತದೆ. ಕೊರತೆ ಸೊನ್ನೆಯಾದಾಗ ಮಾತ್ರ ಬಾಕಿ ಬೆಳೆಯುವುದು ನಿಲ್ಲುತ್ತದೆ. ಆದರೆ ಖಾತೆಯಲ್ಲಿ ಬರೆದದ್ದು ಅಳಿಸಿಹೋಗುವುದಿಲ್ಲ. ಆ ನೆನಪಿನ ಬಲದಿಂದಲೇ ಗೇಟು 23 ಅಂಗುಲದಲ್ಲಿ ನಿಂತಿರುತ್ತದೆ, ಗೇಜ್ ಪೂರ್ತಿ 6 ಅಡಿಗೆ ಬಂದಿರುತ್ತದೆ.

ಮೂರನೆಯದು ಡೆರಿವೇಟಿವ್, ಅಂದರೆ ಅವಕಲನ. ಇದು ಬದಲಾವಣೆಯ ವೇಗವನ್ನು ನೋಡುತ್ತದೆ. ಮಟ್ಟ ಇನ್ನೂ 2 ಅಂಗುಲ ಕಡಿಮೆ ಇದೆ, ಆದರೆ ಗಂಟೆಗೆ 4 ಅಂಗುಲದಂತೆ ಏರುತ್ತಿದೆ. ಹೀಗೇ ಬಿಟ್ಟರೆ ಅರ್ಧ ಗಂಟೆಯಲ್ಲಿ ಗುರಿ ಮುಟ್ಟಿ ಅದನ್ನೂ ದಾಟಿಬಿಡುತ್ತದೆ. ಆದ್ದರಿಂದ ಗುರಿ ಮುಟ್ಟುವ ಮುನ್ನವೇ ಗೇಟನ್ನು ಸ್ವಲ್ಪ ಇಳಿಸು ಎನ್ನುತ್ತದೆ ಈ ಲೆಕ್ಕ. ಬೆಲ್ಲದ ಪಾಕ ಹದಕ್ಕೆ ಬರುವ ಮುನ್ನವೇ ಗಾಣದ ಮನೆಯಲ್ಲಿ ಒಲೆಯ ಉರಿ ತಗ್ಗಿಸುವುದು ಇದೇ ತಿಳಿವಳಿಕೆಯಿಂದ.

ಮೂರು ಲೆಕ್ಕಗಳ ಮೊತ್ತವೇ ಗೇಟಿಗೆ ಹೋಗುವ ಆಜ್ಞೆ. ಪ್ರತಿಯೊಂದಕ್ಕೂ ಎಷ್ಟು ತೂಕ ಕೊಡಬೇಕು ಎಂಬುದನ್ನು ನಿರ್ಧರಿಸುವುದಕ್ಕೆ 'ಟ್ಯೂನಿಂಗ್' ಎಂದು ಹೆಸರು. ತಂಬೂರಿಗೆ ಶ್ರುತಿ ಹಿಡಿಯುವಂಥ ಕೆಲಸವೇ ಅದು. ಮೊದಲನೆಯದಕ್ಕೆ ತೂಕ ಹೆಚ್ಚಾದರೆ ತೂಗಾಟ, ಎರಡನೆಯದಕ್ಕೆ ಹೆಚ್ಚಾದರೆ ಗುರಿ ಮೀರುವಿಕೆ, ಮೂರನೆಯದಕ್ಕೆ ಹೆಚ್ಚಾದರೆ ಸಣ್ಣ ಅಲೆ ಎದ್ದರೂ ಬೆಚ್ಚಿಬೀಳುವ ಸ್ವಭಾವ.

ಕಾರ್ಖಾನೆಯ ಮೂಲೆಯಿಂದ ಕಂಪ್ಯೂಟರಿನವರೆಗೆ

1930ರ ದಶಕದಲ್ಲಿ ಅಮೆರಿಕೆಯ ಫಾಕ್ಸ್‌ಬರೊ, ಟೇಲರ್ ಮುಂತಾದ ಕಂಪನಿಗಳು ಒತ್ತಿದ ಗಾಳಿಯಿಂದ ನಡೆಯುವ ನಿಯಂತ್ರಕಗಳನ್ನು ಮಾರುಕಟ್ಟೆಗೆ ತಂದವು. ವಿದ್ಯುತ್ತಿನ ಕಿಡಿಗೆ ಹೆದರುವ ಎಣ್ಣೆ ಶುದ್ಧೀಕರಣ ಘಟಕಗಳಿಗೆ ಗಾಳಿಯ ಯಂತ್ರ ಹಿತವಾಗಿತ್ತು. ಆದರೆ ಟ್ಯೂನಿಂಗ್ ಮಾಡುವುದು ಊಹೆಯ ಕೆಲಸವಾಗಿಯೇ ಉಳಿದಿತ್ತು. 1942ರಲ್ಲಿ ಟೇಲರ್ ಕಂಪನಿಯ ಜೀಗ್ಲರ್ ಮತ್ತು ನಿಕಲ್ಸ್ ಎಂಬಿಬ್ಬರು ಇದಕ್ಕೊಂದು ಸರಳ ಉಪಾಯ ಹೇಳಿದರು. ಎರಡನೆಯ, ಮೂರನೆಯ ಲೆಕ್ಕಗಳನ್ನು ಬಂದ್ ಮಾಡಿ, ಮೊದಲನೆಯದರ ತೂಕವನ್ನು ಮೆಲ್ಲಗೆ ಏರಿಸುತ್ತ ಹೋಗಿ. ವ್ಯವಸ್ಥೆ ಒಂದೇ ಸಮನೆ ತೂಗಾಡತೊಡಗಿದ ಕ್ಷಣದಲ್ಲಿ ಆ ತೂಕವನ್ನೂ ಒಂದು ತೂಗಾಟದ ಅವಧಿಯನ್ನೂ ಬರೆದುಕೊಳ್ಳಿ. ಅನಂತರ ತೂಕವನ್ನು ಅದರ ಹತ್ತರಲ್ಲಿ ಆರು ಪಾಲಿಗೆ ಇಳಿಸಿ. ಉಳಿದೆರಡನ್ನು ಆ ಅವಧಿಯ ಅರ್ಧ ಮತ್ತು ಎಂಟನೆಯ ಒಂದು ಭಾಗದ ಮೇಲೆ ನಿಗದಿ ಮಾಡಿ. ಈ ಸೂತ್ರವನ್ನು ಇಂದಿಗೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುತ್ತಾರೆ.

ಗಾಳಿಯ ಬದಲು ವಿದ್ಯುನ್ಮಾನ, ಅನಂತರ ಮೈಕ್ರೊಪ್ರೊಸೆಸರ್ ಬಂದವು. ಒಳಗಿನ ಲೆಕ್ಕ ಮಾತ್ರ ಅದೇ ಉಳಿಯಿತು. ರಾಯಚೂರಿನ ಬಳಿ ಕೃಷ್ಣಾ ತೀರದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭಿಸಿದ ಶಾಖೋತ್ಪನ್ನ ಕೇಂದ್ರದಂಥ ಸ್ಥಾವರಗಳಲ್ಲಿ ಇಂಥ ನಿಯಂತ್ರಣ ಹಗಲೂ ರಾತ್ರಿ ನಡೆಯಬೇಕು. ಬಾಯ್ಲರಿನ ಡ್ರಮ್ಮಿನಲ್ಲಿ ನೀರು ಕಡಿಮೆಯಾದರೆ ಕೊಳವೆಗಳು ಸುಟ್ಟುಹೋಗುತ್ತವೆ. ಹೆಚ್ಚಾದರೆ ಉಗಿಯೊಂದಿಗೆ ನೀರು ಹೋಗಿ ಟರ್ಬೈನಿನ ಅಲಗುಗಳಿಗೆ ಬಡಿಯುತ್ತದೆ.

ಇಲ್ಲಿ ಪಿ.ಐ.ಡಿ. ಮೋಸ ಹೋಗುವ ಸಂದರ್ಭವೂ ಉಂಟು. ವಿದ್ಯುತ್ತಿನ ಬೇಡಿಕೆ ಏಕಾಏಕಿ ಏರಿ ಉಗಿ ಹೆಚ್ಚು ಹೊರಟಾಗ ಡ್ರಮ್ಮಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ನೀರಿನೊಳಗಿನ ಗುಳ್ಳೆಗಳು ಹಿಗ್ಗಿ, ನೀರು ಕಡಿಮೆಯಾಗುತ್ತಿದ್ದರೂ ಮಟ್ಟ ಏರಿದಂತೆ ತೋರುತ್ತದೆ. ಮಟ್ಟವೊಂದನ್ನೇ ನಂಬಿದ ಯಂತ್ರ ನೀರನ್ನು ತಡೆದುಬಿಡುತ್ತದೆ. ಬೇಕಾಗಿದ್ದುದು ಅದಕ್ಕೆ ತದ್ವಿರುದ್ಧ. ಆದ್ದರಿಂದ ದೊಡ್ಡ ಬಾಯ್ಲರುಗಳಲ್ಲಿ ಮಟ್ಟದ ಜತೆಗೆ ಹೊರಹೋಗುವ ಉಗಿಯನ್ನೂ ಒಳಬರುವ ನೀರನ್ನೂ ಅಳೆದು ಮೂರನ್ನೂ ಕೂಡಿಸಿ ತೀರ್ಮಾನಿಸುತ್ತಾರೆ. ಒಂದೇ ಸಾಕ್ಷಿಯ ಮಾತು ಕೇಳಿ ತೀರ್ಪು ಕೊಡಬಾರದು ಎಂಬ ನ್ಯಾಯ ಬಾಯ್ಲರಿಗೂ ಅನ್ವಯಿಸುತ್ತದೆ.

ಕಾಲುವೆ ಯಾಕೆ ಕಷ್ಟ?

ಬಾಯ್ಲರಿನಲ್ಲಿ ಸೆಕೆಂಡುಗಳಲ್ಲಿ ತಿಳಿಯುವ ಫಲಿತಾಂಶ ಕಾಲುವೆಯಲ್ಲಿ ಗಂಟೆಗಳಲ್ಲಿ, ಕೆಲವೊಮ್ಮೆ ದಿನಗಳಲ್ಲಿ ತಿಳಿಯುತ್ತದೆ. ನೀರುಗಂಟಿ ಬೆಳಿಗ್ಗೆ ಗೇಟು ಎತ್ತಿ, ಮಧ್ಯಾಹ್ನ ಕೆಳಗಿನ ಗೇಜ್ ನೋಡಿ ಏನೂ ಏರಿಲ್ಲವೆಂದು ಮತ್ತೆ ಎತ್ತಿದರೆ, ಸಂಜೆ ಎರಡು ಸಲದ ನೀರೂ ಒಟ್ಟಿಗೆ ಬಂದು ಒಡ್ಡು ಮೀರಬಹುದು. ಹೆದರಿ ಒಮ್ಮೆಗೇ ಇಳಿಸಿದರೆ, ನೀರು ಬೇಗ ತಗ್ಗಿ ಒದ್ದೆಯಾದ ಪಕ್ಕದ ಮಣ್ಣು ಕುಸಿಯುತ್ತದೆ. ಎರೆಮಣ್ಣಿನ ಸೀಮೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ತಡವಾಗಿ ಬರುವ ಸುದ್ದಿಯನ್ನು ನಂಬಿ ಆತುರಪಡುವ ಯಂತ್ರಕ್ಕೂ ಇದೇ ಗತಿ.

1950ರ ದಶಕದಲ್ಲಿ ಅಮೆರಿಕೆಯ ನೀರಾವರಿ ಇಲಾಖೆ ಕ್ಯಾಲಿಫೋರ್ನಿಯಾ ಕಡೆಯ ಕಾಲುವೆಗಳಲ್ಲಿ ಒಂದು ಸರಳ ಸಾಧನವನ್ನು ಬಳಸಿತು. ಅದಕ್ಕೆ 'ಲಿಟ್ಲ್ ಮ್ಯಾನ್', ಅಂದರೆ ಪುಟ್ಟ ಮನುಷ್ಯ ಎಂದೇ ಹೆಸರು ಬಿತ್ತು. ಮಟ್ಟ ಇಳಿದರೆ ಗೇಟನ್ನು ಸ್ವಲ್ಪ ಎತ್ತುವುದು, ಸ್ವಲ್ಪ ಹೊತ್ತು ಕಾಯುವುದು, ಮತ್ತೆ ನೋಡುವುದು. ತಾಳ್ಮೆಯ ನೀರುಗಂಟಿಯ ನಕಲು ಅದು. 1970ರ ದಶಕದಲ್ಲಿ ಅಲ್ಲಿಯ ಕಾರ್ನಿಂಗ್ ಕಾಲುವೆಯಲ್ಲಿ ಪಿ.ಐ.ಡಿ.ಯ ಮೊದಲ ಎರಡು ಲೆಕ್ಕಗಳನ್ನು ಬಳಸುವ ವಿದ್ಯುನ್ಮಾನ ನಿಯಂತ್ರಕ ಬಂತು. ಮೂರನೆಯ ಲೆಕ್ಕವನ್ನು ಕಾಲುವೆಗಳಲ್ಲಿ ಸಾಮಾನ್ಯವಾಗಿ ಕೈಬಿಡುತ್ತಾರೆ. ಗಾಳಿಗೆ ಏಳುವ ಸಣ್ಣ ಅಲೆಯನ್ನೂ ಅದು ದೊಡ್ಡ ಬದಲಾವಣೆಯೆಂದು ಭ್ರಮಿಸುತ್ತದೆ.

ಕರ್ನಾಟಕದಲ್ಲಿ ಈ ತಂತ್ರ ದೊಡ್ಡ ಪ್ರಮಾಣದಲ್ಲಿ ಬಂದದ್ದು ನೆರೆಯ ಕೃಷ್ಣೆಯ ಕಡೆ. ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಯೋಜನೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಉದ್ಘಾಟನೆಯಾಯಿತು. 10,000 ಕ್ಯೂಸೆಕ್ ಸಾಮರ್ಥ್ಯದ ಈ ಕಾಲುವೆಯ ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಯೋಜನೆಯ ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಇದರಲ್ಲಿ ಗೇಟುಗಳನ್ನು ದೂರದಿಂದಲೇ ನೋಡುವ, ನಡೆಸುವ 'ಸ್ಕಾಡಾ' ಎಂಬ ವ್ಯವಸ್ಥೆ ಸೇರಿದೆ. ಇಂಥ ವ್ಯವಸ್ಥೆಯಲ್ಲಿ ಪ್ರತಿ ಗೇಟಿನ ಬಳಿ ಮಟ್ಟ ಅಳೆಯುವ ಸಾಧನ, ಸಣ್ಣ ಮೋಟಾರು, ಲೆಕ್ಕ ಮಾಡುವ ಯಂತ್ರ, ಸುದ್ದಿ ಕಳಿಸುವ ರೇಡಿಯೊ ಇರುತ್ತವೆ. ಕೆಳಗಿನ ಗೇಟು ತನಗೆ ಬೇಕಾದ ನೀರನ್ನು ಮೇಲಿನ ಗೇಟಿಗೆ ಮುಂಚಿತವಾಗಿಯೇ ತಿಳಿಸಬಲ್ಲದು. ನೀರು ಬರಲು ತಡವಾದರೂ ಸುದ್ದಿ ತಡವಾಗುವುದಿಲ್ಲ ಎಂಬುದೇ ಇದರ ದೊಡ್ಡ ಲಾಭ.

ಯಂತ್ರ ನಿರ್ಧರಿಸದ ಅಂಕಿ

ಹಾಗಾದರೆ ತುಂಗಭದ್ರೆಯ ಎಡದಂಡೆಯಲ್ಲೂ ಇಂಥ ಗೇಟು ಹಾಕಿಬಿಟ್ಟರೆ ಕೊನೆ ಭಾಗದ ಗೋಳು ಮುಗಿಯುತ್ತದೆಯೇ? ಇಲ್ಲಿ ಕಾಲುವೆಯ ಚರಿತ್ರೆಯನ್ನೂ ನೆನೆಯಬೇಕು. ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ ಎರಡೂ ಕಡೆಯಿಂದ ಶಂಕುಸ್ಥಾಪನೆ ನಡೆಯಿತು. 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆಯ ಸುಮಾರು 6 ಲಕ್ಷ ಎಕರೆಯಲ್ಲಿ ಹೆಚ್ಚಿನ ಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆಂದು ಲೆಕ್ಕ ಹಾಕಲಾಗಿತ್ತು. ವಾಸ್ತವದಲ್ಲಿ ಮೇಲಿನ ಭಾಗದಲ್ಲಿ ಭತ್ತದ ಗದ್ದೆಗಳು ಹರಡಿದವು, ಕ್ಯಾಂಪುಗಳು ಬೆಳೆದವು, ಗಂಗಾವತಿ, ಸಿಂಧನೂರು ಅಕ್ಕಿ ಗಿರಣಿಗಳ ಊರುಗಳಾದವು. ಇತ್ತ ಜಲಾಶಯದಲ್ಲಿ ಹೂಳು ತುಂಬಿ, ಆರಂಭದಲ್ಲಿ 130 ಟಿ.ಎಂ.ಸಿ. ಅಡಿಗೂ ಮಿಕ್ಕಿದ್ದ ಸಂಗ್ರಹ ಸಾಮರ್ಥ್ಯ ಸುಮಾರು 105 ಟಿ.ಎಂ.ಸಿ. ಅಡಿಗೆ ಇಳಿಯಿತು.

ಇಂಥ ಸ್ಥಿತಿಯಲ್ಲಿ ಪಿ.ಐ.ಡಿ.ಗೆ ಏನಾಗುತ್ತದೆ ಎಂಬುದನ್ನು ಇಂಜಿನಿಯರುಗಳು ಚೆನ್ನಾಗಿ ಬಲ್ಲರು. ಗೇಟು ಪೂರ್ತಿ ತೆರೆದಾಗಿದೆ, ಆದರೂ ಗೇಜ್ ಏರುತ್ತಿಲ್ಲ. ಯಾಕೆಂದರೆ ಮೇಲೆ ನೀರೇ ಇಲ್ಲ. ಬಾಕಿ ಬರೆಯುವ ಎರಡನೆಯ ಲೆಕ್ಕ ಮಾತ್ರ ಬರೆಯುತ್ತಲೇ ಹೋಗುತ್ತದೆ. ಇದನ್ನು 'ವೈಂಡಪ್' ಎನ್ನುತ್ತಾರೆ. ವಾರದ ಅನಂತರ ನೀರು ಬಂದಾಗ ಗೇಜ್ ಗುರಿ ಮುಟ್ಟಿದರೂ ಹಳೆಯ ಬಾಕಿಯ ಭಾರದಿಂದ ಗೇಟು ಇಳಿಯುವುದಿಲ್ಲ, ಕಾಲುವೆ ಉಕ್ಕುತ್ತದೆ. ಆದ್ದರಿಂದ ಗೇಟು ತನ್ನ ಮಿತಿ ಮುಟ್ಟಿದ ಕೂಡಲೇ ಬಾಕಿ ಬರೆಯುವುದನ್ನು ನಿಲ್ಲಿಸುವಂತೆ ಯಂತ್ರಕ್ಕೆ ಮೊದಲೇ ಕಲಿಸಿರುತ್ತಾರೆ. ಯಂತ್ರಕ್ಕೆ ಹಾಗೆ ಕಲಿಸಬಹುದು. ವರ್ಷವರ್ಷ ಬೆಳೆ ಒಣಗಿದ ರೈತನಿಗೆ ಬಾಕಿ ಮರೆ ಎಂದು ಹೇಳಲಾಗದು.

ಲೆಕ್ಕ ಸರಿಯಿದ್ದು ಯಂತ್ರದ ಕೈ ಮುರಿದರೂ ಪ್ರಯೋಜನವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರದಲ್ಲಿ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿ ನೀರನ್ನು ತಡೆಯಲಾಯಿತು. ಅಷ್ಟರಲ್ಲಿ ತುಂಬಿದ ಜಲಾಶಯದ ನೀರು ಬಹಳಷ್ಟು ಹೊಳೆಗೆ ಹೋಗಿತ್ತು. ಅಳತೆ, ಲೆಕ್ಕ, ಮೋಟಾರು, ಚೈನು ಇವುಗಳಲ್ಲಿ ಯಾವುದು ದುರ್ಬಲವೋ ಇಡೀ ವ್ಯವಸ್ಥೆಯ ಬಲ ಅಷ್ಟೇ.

ಎಲ್ಲಕ್ಕಿಂತ ಮುಖ್ಯವಾದದ್ದು ಗುರಿಯ ಅಂಕಿ. ಗೇಜ್ 6 ಅಡಿ ಇರಲಿ ಎಂದು ಹೇಳಿದರೆ ಪಿ.ಐ.ಡಿ. 6 ಅಡಿ ನಿಲ್ಲಿಸಲು ಹೆಣಗುತ್ತದೆ, 4 ಅಡಿ ಎಂದರೆ ಅಷ್ಟೇ ನಿಷ್ಠೆಯಿಂದ 4 ಅಡಿ ನಿಲ್ಲಿಸುತ್ತದೆ. ಯಾವ ಊರಿಗೆ ಎಷ್ಟು ಎಂದು ಅದು ಕೇಳುವುದಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ಭಾಗದ ರೈತರು 2020ರ ಕೊನೆಯಲ್ಲಿ ಆರಂಭಿಸಿದ ಧರಣಿ ತಿಂಗಳುಗಟ್ಟಲೆ ನಡೆಯಿತು. 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ಮುಖ್ಯ ವಿಷಯಗಳಲ್ಲಿ ಒಂದಾಯಿತು. ಕಾಲುವೆಯೇ ಇಲ್ಲದ ಹೊಲಕ್ಕೆ ಗೇಜೂ ಇಲ್ಲ, ಗೇಜ್ ಇಲ್ಲದ ಕಡೆಯ ಕೊರತೆ ಯಾವ ಯಂತ್ರದ ಖಾತೆಯಲ್ಲೂ ದಾಖಲಾಗುವುದಿಲ್ಲ.

ಹಾಗೆಂದು ಈ ತಂತ್ರವನ್ನು ಹಗುರವಾಗಿ ಕಾಣಬೇಕಿಲ್ಲ. ಗೇಟಿನ ಬಳಿ ಅಳತೆ ನಿರಂತರವಾಗಿ ದಾಖಲಾದರೆ, ಯಾವ ಮೈಲಿನಿಂದ ಯಾವ ಮೈಲಿನ ನಡುವೆ ನೀರು ಎಷ್ಟು ಹೊತ್ತಿಗೆ ಕಡಿಮೆಯಾಯಿತು ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಇಂದು ಬಾಯಿಮಾತಿನ ಆರೋಪವಾಗಿರುವುದು ನಾಳೆ ಅಂಕಿಯಾಗಿ ನೀರಾವರಿ ಸಲಹಾ ಸಮಿತಿಯ ಮೇಜಿಗೆ ಬರುತ್ತದೆ. 104ನೇ ಮೈಲಿನ ಗೇಜ್ ಎಷ್ಟಿರಬೇಕು ಎಂಬ ಅಂಕಿಯನ್ನು ಬರೆಯಬೇಕಾದವರು ಆ ಮೇಜಿನ ಸುತ್ತ ಕುಳಿತವರು. ಬರೆದ ಅಂಕಿಯನ್ನು ಹಗಲೂ ರಾತ್ರಿ ಕಾಯುವ ಕೆಲಸವನ್ನು ಮಾತ್ರ ಮೂರಕ್ಷರದ ಲೆಕ್ಕಕ್ಕೆ ಬಿಡಬಹುದು.